ಟಂಟಂ ನಿಲ್ಲದ ಮನೆ

ನಾನು ಪಟ್ಟಿ ಮಾಡುವ ಹೆಂಗಸು. ಸಂತೆಗೆ ಹೋಗುವ ಮುಂಚೆ ಪಟ್ಟಿ, ಊರಿಗೆ ಹೊರಡುವ ಮುಂಚೆ ಪಟ್ಟಿ, ಯಾರಿಗಾದರೂ ಬೈಯಬೇಕಿದ್ದರೆ ಮನಸ್ಸಿನಲ್ಲೇ ಒಂದು ಪಟ್ಟಿ. ಜೇವರ್ಗಿಯ ನಮ್ಮ ಮನೆಯಲ್ಲಿ ನನ್ನವ್ವ, "ಈಕಿ ಸಾರಿಗಿ ಉಪ್ಪು ಹಾಕೀನೋ ಇಲ್ಲೋ ಅಂತ ಚೀಟಿ ನೋಡ್ತಾಳ" ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ಮುಖ್ಯೋಪಾಧ್ಯಾಯಿನಿ ಆದ ಮೇಲೆ ಅದೇ ಚಟ ಗುಣ ಎನಿಸಿಕೊಂಡಿತು. ತಪಾಸಣೆಗೆ ಬಂದ ಸಾಹೇಬರು ನನ್ನ ಕಪಾಟು ತೆರೆದು, ಸಾಲಾಗಿ ನಿಂತ ರಿಜಿಸ್ಟರುಗಳನ್ನು ಕಂಡು, ಚಹಾ ಕುಡಿದು ಸಂತೋಷದಿಂದ ಹೋಗುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಇದ್ದದ್ದು ಶಾಲೆ, ಅದರಲ್ಲಿ ಇಲ್ಲದ್ದು ಶಾಲೆಯಲ್ಲ ಎಂದು ನಾನು ನಂಬಿದ್ದೆ. ಆ ನಂಬಿಕೆ ಒಂದೇ ಮಧ್ಯಾಹ್ನದಲ್ಲಿ ಹೇಗೆ ಮುಗ್ಗರಿಸಿತು ಎಂಬುದನ್ನು ಈಗ ಹೇಳುತ್ತೇನೆ.

ನಮ್ಮದು ಆಳಂದ ತಾಲೂಕಿನಲ್ಲಿ, ನಿಂಬರ್ಗಾದಿಂದಾಚೆ ತೊಗರಿ ಹೊಲಗಳ ನಡುವೆ ಇರುವ ಒಂದು ಊರಿನ ಪ್ರೌಢಶಾಲೆ. ನಾನು ಅಫಜಲಪುರದಲ್ಲಿ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ನಮ್ಮ ಶಾಲೆಗೆ ಹೊಸದಾಗಿ ಬಂದವರು ಮೊದಲು ಗಮನಿಸುತ್ತಿದ್ದದ್ದು ಗಡಿಯಾರಗಳನ್ನು. ಹತ್ತನೆಯ ತರಗತಿ ಮುಗಿಸಿ ಹೋಗುವ ಮಕ್ಕಳು ಶಾಲೆಗೆ ಏನಾದರೂ ಕಾಣಿಕೆ ಕೊಡಬೇಕಲ್ಲ. ಯಾವ ವರ್ಷದವರು ಎಷ್ಟೇ ಯೋಚಿಸಿದರೂ ಕೊನೆಗೆ ತರುವುದು ಗೋಡೆ ಗಡಿಯಾರವನ್ನೇ. ಹೀಗೆ ಎಂಟು ಗಡಿಯಾರಗಳು ಕೂಡಿದ್ದವು. ಎಂಟೂ ಬೇರೆ ಬೇರೆ ಹೊತ್ತು ತೋರಿಸುತ್ತಿದ್ದವು. ವಿಜ್ಞಾನದ ಸರ್ ತಡವಾಗಿ ಬಂದಾಗಲೆಲ್ಲ ತಮಗೆ ಅನುಕೂಲವಾದ ಗಡಿಯಾರದ ಕೆಳಗೆ ನಿಂತು ನಮಸ್ಕಾರ ಹೇಳುತ್ತಿದ್ದರು.

ಬೀಳ್ಕೊಡುಗೆಯ ದಿನಕ್ಕೆ ಇನ್ನೊಂದು ಪದ್ಧತಿ ಇತ್ತು. ನಾನು ಬರುವುದಕ್ಕೂ ಮುಂಚಿನಿಂದ ನಡೆದುಬಂದದ್ದು. ಆ ದಿನ ಹತ್ತನೆಯ ತರಗತಿಯ ಮಕ್ಕಳು ತಮ್ಮ ತಮ್ಮ ಮನೆಗಳಿಂದ ಶೇಂಗಾ ಹೋಳಿಗೆ, ಖಡಕ್ ರೊಟ್ಟಿ, ಬದನೆಕಾಯಿ ಪಲ್ಯ ಕಟ್ಟಿಸಿಕೊಂಡು ಬಂದು ಶಾಲೆಯವರಿಗೆಲ್ಲ ಬಡಿಸಬೇಕು. ಪಂಕ್ತಿಯ ಮೊದಲ ಎಲೆ ಮುಖ್ಯೋಪಾಧ್ಯಾಯರದಲ್ಲ, ಬಿಸಿಯೂಟದ ಅಡುಗೆಯಾಕೆಯದು. ವರ್ಷವಿಡೀ ನಿಂತು ನೀಡಿದವಳು ಆ ಒಂದು ದಿನ ಕೂತು ಉಣ್ಣಬೇಕು, ಸೌಟು ಮುಟ್ಟುವಂತಿಲ್ಲ. ನಾನು ಬಂದಾಗಿನಿಂದ ಆ ಎಲೆಯ ಮುಂದೆ ಕೂತವಳು ಒಬ್ಬಳೇ. ಮಕ್ಕಳೂ ಶಿಕ್ಷಕರೂ ಊರಿನವರೂ ಅವಳನ್ನು ಆಯಿ ಎಂದೇ ಕರೆಯುತ್ತಿದ್ದರು, ಅಜ್ಜಿಯನ್ನು ಕರೆದ ಹಾಗೆ. ಆ ದಿನ ಹಸಿರು ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ಅಧಿಕಾರಿಯ ಹಾಗೆ ಕೂರುತ್ತಿದ್ದಳು. ಮಕ್ಕಳು ಬೇಡ ಬೇಡ ಅಂದರೂ ಬಿಡದೆ ಹೋಳಿಗೆ ಹಾಕುತ್ತಿದ್ದರು. ಆಯಿ ಒಂದು ತುತ್ತು ಬಾಯಿಗಿಟ್ಟು, "ಪಲ್ಯಾಕ್ಕ ಉಪ್ಪು ಕಮ್ಮಿ ಆಗ್ಯಾದ. ಯಾರ ಮನೀದಿದು?" ಎಂದು ತೀರ್ಪು ಕೊಡುತ್ತಿದ್ದಳು. ಆ ಮನೆಯ ಹುಡುಗ ಮುಖ ಮುಚ್ಚಿಕೊಂಡು ಓಡುತ್ತಿದ್ದ.

ಆಯಿಗೂ ನನಗೂ ಒಂದೇ ಒಂದು ವಿಷಯದಲ್ಲಿ ಹೊಂದುತ್ತಿರಲಿಲ್ಲ. ಅದು ತಾಟು ಬಡಿಯುವ ವಿಷಯ. ಮಧ್ಯಾಹ್ನದ ಊಟ ಒಂದೂವರೆಗೆ. ಅನ್ನ ಇಳಿಯುವುದು ಐದು ನಿಮಿಷ ತಡವಾದರೂ ಸಾಕು, ಮಕ್ಕಳು ಸಾಲಾಗಿ ಕೂತು ಸ್ಟೀಲಿನ ತಾಟುಗಳನ್ನು ಚಮಚದಿಂದ, ಬಳೆಯಿಂದ, ಕೈಗೆ ಸಿಕ್ಕ ಕಲ್ಲಿನಿಂದ ಬಡಿಯುತ್ತಿದ್ದರು. ಆ ಸಪ್ಪಳಕ್ಕೆ ನನ್ನ ತಲೆ ಸಿಡಿಯುತ್ತಿತ್ತು. ಆಯಿ ಮಾತ್ರ ಸೌಟು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದು, "ತಡೀರಲೇ, ಬಂದೆ! ಅನ್ನ ನಿಮ್ಮಪ್ಪ ಕುದಸ್ತಾನೇನು?" ಎಂದು ಕೂಗುತ್ತಿದ್ದಳು. ಮಕ್ಕಳಿಗೆ ಆ ಬೈಗುಳ ಬೇಕಾಗಿಯೇ ಇತ್ತು. ಅದು ಬಂದ ಮೇಲೆ ಇನ್ನೂ ಜೋರಾಗಿ ಬಡಿಯುತ್ತಿದ್ದರು. ನಾನು ಅದನ್ನು ನಿಷೇಧಿಸಿದೆ. ತಾಟು ಬಡಿದವರು ಎಲ್ಲರ ನಂತರ ಊಟಕ್ಕೆ ಕೂರಬೇಕು ಎಂದು ಸೂಚನಾ ಫಲಕದಲ್ಲಿ ಬರೆಸಿದೆ.

ಆಯಿ ಅದನ್ನು ಯಾರಿಂದಲೋ ಓದಿಸಿಕೊಂಡು ನೇರವಾಗಿ ನನ್ನ ಕೋಣೆಗೆ ಬಂದಳು.

"ಹಸದ ಹುಡುಗ್ರು ಹಾಡು ಹಾಡ್ತಾವೇನ್ರಿ ಅಕ್ಕೋರ? ಬಡೀಲಿ ಬಿಡ್ರಿ. ಬಡದ್ರ ನನಗೂ ಗೊತ್ತಾಗ್ತದ, ಇವಕ್ಕ ನಾ ಬೇಕಾಗೀನಿ ಅಂತ."

"ಸಾಲಿಗಿ ಒಂದು ಶಿಸ್ತು ಅಂತ ಇರ್ತದ ಆಯಿ" ಎಂದೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಹೋದಳು. ಗೆದ್ದೆ ಎಂದುಕೊಂಡೆ.

ಕೊರೊನಾ ಬಂದ ಮೊದಲ ವರ್ಷ ಬೀಳ್ಕೊಡುಗೆಗೆ ಇನ್ನೇನು ವಾರವಿದೆ ಎನ್ನುವಾಗ ಶಾಲೆ ಮುಚ್ಚಿತು. ಒಂಬತ್ತನೆಯ ಗಡಿಯಾರ ಡಬ್ಬಿಯಲ್ಲೇ ಉಳಿಯಿತು. ಪರೀಕ್ಷೆ ನಡೆಯುತ್ತದೋ ಇಲ್ಲವೋ ಎಂದು ಮಕ್ಕಳು ದಿನಾ ಫೋನು ಮಾಡುತ್ತಿದ್ದರು; ಮಾಡ್ರಿ ಅನ್ನುವವರೂ ಬ್ಯಾಡ್ರಿ ಅನ್ನುವವರೂ ಸಮಸಮ ಇದ್ದರು. ಕೊನೆಗೆ ಮಳೆಗಾಲದ ಮೊದಲಿಗೆ ಪರೀಕ್ಷೆ ನಡೆಯಿತು. ಮೂಗು ಬಾಯಿ ಮುಚ್ಚಿಕೊಂಡು ಒಬ್ಬೊಬ್ಬರಾಗಿ ಬಂದ ನನ್ನ ಮಕ್ಕಳನ್ನು ನಾನೇ ಗುರುತು ಹಿಡಿಯದೆ, "ನೀ ಯಾವಾಕಿ?" ಎಂದು ಕೇಳಿ ನಗೆಪಾಟಲಾದೆ. ಬೇರೆ ವರ್ಷಗಳಲ್ಲಿ ಕೊನೆಯ ಪರೀಕ್ಷೆಯ ದಿನ ಒಬ್ಬರ ಅಂಗಿಯ ಮೇಲೊಬ್ಬರು ಶಾಯಿ ಚೆಲ್ಲಿ, ಹೆಸರು ಬರೆದು, ಅತ್ತು ಹೋಗುತ್ತಿದ್ದರು. ಆ ವರ್ಷ ಅಪ್ಪಂದಿರ ಮೋಟರ್ ಸೈಕಲ್ಲಿನ ಹಿಂದೆ ಕೂತು, ಹಿಂತಿರುಗಿಯೂ ನೋಡದೆ ಹೋದರು.

ಫಲಿತಾಂಶ ಬಂದಾಗ ನಮ್ಮ ಶಾಲೆಯವರು ಎಲ್ಲರೂ ಪಾಸು! ಗಣಿತದ ಹೆಸರು ತೆಗೆದರೆ ಬೆವರುತ್ತಿದ್ದ ಹುಡುಗ ಕೂಡ ಪಾಸು. ನನಗೆ ಕುಣಿಯಬೇಕು ಎನ್ನಿಸಿತು, ಕುಣಿಯುವುದಕ್ಕೆ ಎದುರಿಗೆ ಯಾರೂ ಇರಲಿಲ್ಲ. ಇವರನ್ನು ಹೀಗೆ ಕಳ್ಳರ ಹಾಗೆ ಕಳಿಸುವುದಿಲ್ಲ ಎಂದು ಅವತ್ತೇ ಹಟ ತೊಟ್ಟೆ. ಮಕ್ಕಳು ಶಾಲೆಗೆ ಬರುವಂತಿಲ್ಲ ಅಂದರೆ ಶಾಲೆಯೇ ಮಕ್ಕಳ ಬಾಗಿಲಿಗೆ ಹೋಗಲಿ.

ನಮ್ಮ ಶಾಲೆಯಲ್ಲೇ ಕಲಿತವನೊಬ್ಬ ಊರಿನಲ್ಲಿ ಟಂಟಂ, ಅಂದರೆ ಮೂರು ಗಾಲಿಯ ಆಟೋ, ಓಡಿಸುತ್ತಿದ್ದ. ಅದಕ್ಕೆ ಮಾವಿನ ತೋರಣ ಕಟ್ಟಿ, ಮೇಲೆ ಮೈಕ್ ಕೂರಿಸಿ, ಪ್ರತಿ ಮಗುವಿನ ಮನೆಯ ಮುಂದೆ ನಿಲ್ಲಿಸುವುದು. ಕನ್ನಡದ ಸರ್ ಮೈಕಿನಲ್ಲಿ ಮಗುವಿನ ಹೆಸರು, ತಂದೆ ತಾಯಿಯ ಹೆಸರು, ಅಂಕ ಎಲ್ಲವನ್ನೂ ಓಣಿಗೆ ಕೇಳುವಂತೆ ಓದುವುದು. ಶಾಲೆಯ ಗಂಟೆ ಬಾರಿಸುವ ಸಿಪಾಯಿ ಒಂದು ಸ್ಟೂಲಿನ ಮೇಲೆ ಪ್ರಶಸ್ತಿ ಪತ್ರ, ಪೆನ್ನು, ಪೇಡೆ ಇಟ್ಟು ಹಿಂದೆ ಸರಿಯುವುದು. ಮಗು ಬಂದು ತೆಗೆದುಕೊಳ್ಳುವುದು. ಯಾರೂ ಯಾರನ್ನೂ ಮುಟ್ಟುವಂತಿಲ್ಲ. ಪಂಚಾಯಿತಿಯ ಅಧಿಕಾರಿಗೆ ಇದನ್ನು ಒಪ್ಪಿಸಲು ನನಗೆ ಮೂರು ದಿನ ಹಿಡಿಯಿತು. ಬೆಳಿಗ್ಗೆಯಿಂದ ಮಧ್ಯಾಹ್ನ ಎರಡರವರೆಗೆ ಮಾತ್ರ, ಮಂದಿ ಕೂಡಿದರೆ ಮೈಕ್ ಬಂದ್ ಎಂಬ ಷರತ್ತಿನ ಮೇಲೆ ಒಪ್ಪಿದರು.

ಮಕ್ಕಳ ಕಡೆಯಿಂದಲೂ ಒಂದು ಬೇಡಿಕೆ ಬಂತು. ಪರೀಕ್ಷೆಯಲ್ಲಿ ಶಾಲೆಗೇ ಮೊದಲು ಬಂದ ಹುಡುಗಿ ಫೋನು ಮಾಡಿ, "ಮೇಡಂರಿ, ನಮಗಷ್ಟೇ ಬ್ಯಾಡ್ರಿ. ಸಾಲಿ ಮಂದಿಗೆಲ್ಲ ಶಾಲು ಹೊದಸೋಣು. ನಾವ ಕೂಡಿ ತರಸ್ತೇವಿ" ಎಂದಳು. ಊರಲ್ಲಿ ಮನೆ ಇರುವ ಶಿಕ್ಷಕರ, ಗುಮಾಸ್ತರ, ಸಿಪಾಯಿಯ ಬಾಗಿಲಲ್ಲೂ ಟಂಟಂ ನಿಲ್ಲುವುದೆಂದು ತೀರ್ಮಾನವಾಯಿತು. ಸಿಪಾಯಿ ಈ ಸುದ್ದಿಯನ್ನು ಎರಡೇ ದಿನದಲ್ಲಿ ಊರಿಗೆಲ್ಲ ಹಂಚಿದ.

ಪಟ್ಟಿ ಮಾಡುವ ಕೆಲಸ ನನ್ನದು, ಇನ್ಯಾರದು? ಖಾಲಿ ಸ್ಟಾಫ್ ರೂಮಿನಲ್ಲಿ ಹಾಜರಿ ಪುಸ್ತಕ ಬಿಡಿಸಿಕೊಂಡು ಕೂತು, ಮೇಲಿನಿಂದ ಕೆಳಗೆ ಒಂದೊಂದೇ ಹೆಸರು ಎತ್ತಿ ಬರೆದೆ. ಓಣಿಗಳ ಕ್ರಮ ಹಾಕಿದೆ, ಯಾವ ಮನೆಯ ನಂತರ ಯಾವ ಮನೆ ಎಂದು ಬಾಣದ ಗುರುತು ಎಳೆದೆ. ಸಿಪಾಯಿ ಪಕ್ಕದಲ್ಲಿ ನಿಂತು ನೋಡುತ್ತಿದ್ದ.

"ಮೇಡಮ್ರಿ, ಯಾರೂ ಬಿಟ್ಟಿಲ್ಲ ಹೌದಲ್ರಿ?"

"ಹಾಜರಿ ಪುಸ್ತಕ ನೋಡೇ ಬರದೀನಿ" ಎಂದು ಪುಸ್ತಕವನ್ನು ಅವನ ಮುಖದ ಮುಂದೆ ಹಿಡಿದೆ.

"ಹೌದ್ರಿ" ಎಂದ. ಅವನು ಹೌದ್ರಿ ಅಂದ ರೀತಿಯಲ್ಲೇ ಏನೋ ಇತ್ತು. ನನಗೆ ಕೇಳುವ ವ್ಯವಧಾನ ಇರಲಿಲ್ಲ.

ಆ ದಿನ ನಾನು ಕಂಡಷ್ಟು ಸಂತೋಷ ಯಾವ ಸಮಾರಂಭದಲ್ಲೂ ಕಂಡಿರಲಿಲ್ಲ. ವರ್ಷವಿಡೀ ಎರಡನೆಯ ಪಿರಿಯಡ್ಡಿಗೆ ಬರುತ್ತಿದ್ದ ಹುಡುಗ ಟಂಟಂ ಬರುವ ಒಂದು ತಾಸು ಮುಂಚೆಯೇ ತಲೆಗೆ ಎಣ್ಣೆ ಹಚ್ಚಿ ಬಾಗಿಲಲ್ಲಿ ನಿಂತಿದ್ದ. ಇನ್ನೊಬ್ಬಳ ಅಜ್ಜಿ, ಸರ್ ಅಂಕ ಓದಿ ಮುಗಿಸಿದೊಡನೆ, "ಇನ್ನೊಮ್ಮಿ ಒದರ್ರಿ ಸರ್ರ. ಎದರ ಮನಿಯಾಕಿ ಒಳಗ ಅದಾಳ, ಕೇಳಿಲ್ಲ ಆಕಿಗಿ" ಎಂದಳು. ಸರ್ ಇನ್ನೊಮ್ಮೆ ಒದರಿದರು. ಎದುರು ಮನೆಯಾಕೆ ಹೊರಗೆ ಬರುವತನಕ ಅಜ್ಜಿ ನಮ್ಮನ್ನು ಬಿಡಲಿಲ್ಲ. ಭೂಸನೂರ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಡ್ರೈವರ್ ಒಬ್ಬ ತನ್ನ ಮಗನ ಹೆಸರು ಬಂದಾಗ ಮನೆಯ ಮುಂದೆ ನಿಂತಿದ್ದ ಟ್ರ್ಯಾಕ್ಟರನ್ನೇರಿ ಹಾರನ್ ಒತ್ತಿ ಹಿಡಿದ. ಗಣಿತದ ಸರ್ ಎಷ್ಟೋ ವರ್ಷದಿಂದ ಮಕ್ಕಳನ್ನು ಅಳಿಸಿದವರು. ಅವತ್ತು ಸ್ಟೂಲಿನ ಮೇಲಿನ ಶಾಲನ್ನು ತಾವೇ ಎತ್ತಿ ತಾವೇ ಹೊದ್ದುಕೊಂಡು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನು ಟಂಟಂನ ಮುಂದಿನ ಸೀಟಿನಲ್ಲಿ ಪಟ್ಟಿ ಹಿಡಿದು ಕೂತು, ಮುಗಿದ ಹೆಸರಿನ ಮೇಲೆ ಗೀಟು ಹಾಕುತ್ತ, ಎಲ್ಲ ಎಣಿಸಿದ ಹಾಗೇ ನಡೆಯುತ್ತಿದೆ ಎಂದು ಬೀಗುತ್ತಿದ್ದೆ.

ಊರ ನಡುವಿನ ಓಣಿಗೆ ಬಂದೆವು. ಬೇವಿನ ಮರದ ಪಕ್ಕದ ಮಣ್ಣಿನ ಮನೆಯ ಮುಂದೆ ಅಂಗಳ ಸಾರಿಸಿ ರಂಗೋಲಿ ಹಾಕಿತ್ತು. ಆಯಿ ಹೊಸ್ತಿಲ ಮೇಲೆ ನಿಂತಿದ್ದಳು. ಹಸಿರು ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಮೂಗಿನವರೆಗೆ ಎಳೆದು ಕಟ್ಟಿಕೊಂಡ ಬಿಳಿ ಕರವಸ್ತ್ರ, ಕೈಯಲ್ಲಿ ದೀಪ ಕುಂಕುಮ ಇಟ್ಟ ಹರಿವಾಣ. ನಾನು ಕೈ ಎತ್ತಿದೆ. ಅವಳೂ ತಲೆ ಆಡಿಸಿದಳು. ಟಂಟಂ ಡ್ರೈವರ್ ತಾನಾಗಿಯೇ ವೇಗ ಕಡಿಮೆ ಮಾಡಿ ನನ್ನ ಮುಖ ನೋಡಿದ.

"ನಡೀರಿ, ನಡೀರಿ. ಇನ್ನಾ ಹನ್ನೊಂದು ಮನಿ ಅವ" ಎಂದೆ.

ಮೈಕು ಮುಂದಿನ ಮನೆಯ ಹುಡುಗಿಯ ಹೆಸರು ಓದತೊಡಗಿತ್ತು. ಆಯಿ ಮೆರವಣಿಗೆ ನೋಡಲು ನಿಂತಿದ್ದಾಳೆ ಎಂದುಕೊಂಡೆ, ಓಣಿಯ ಉಳಿದವರೆಲ್ಲ ನಿಂತ ಹಾಗೆ. ದೀಪ ಯಾಕೆ, ಹಸಿರು ಸೀರೆ ಯಾಕೆ ಎಂದು ಒಂದು ಗಳಿಗೆಯೂ ಯೋಚಿಸಲಿಲ್ಲ.

ಕೊನೆಯ ಮನೆ ಶಾಲೆಗೆ ಮೊದಲು ಬಂದ ಆ ಹುಡುಗಿಯದು. ಪ್ರಶಸ್ತಿ ಪತ್ರ ತೆಗೆದುಕೊಂಡು ನಮಸ್ಕಾರ ಮಾಡಿದಳು. ಆಮೇಲೆ ಟಂಟಂನೊಳಗೆ ಇಣುಕಿದಳು.

"ಮೇಡಂರಿ, ಆಯಿಗಿ ಹಸರ ಶಾಲು ಕೊಟ್ರಿಲ್ರಿ? ಹಸರ ಅಂದ್ರ ಆಕಿಗಿ ಭಾಳ ಪಸಂದ್ ಅದ."

ನಾನು ಪಟ್ಟಿ ನೋಡಿದೆ. ಕನ್ನಡದ ಸರ್ ಮೈಕ್ ನೋಡಿದರು. ಸಿಪಾಯಿ ಆಕಾಶ ನೋಡಿದ.

"ಆಯಿ ಹೆಸರು ಒದರಲಿಲ್ಲೇನ್ರಿ?" ಎಂದು ಆ ಹುಡುಗಿ ಮೆಲ್ಲಗೆ ಕೇಳಿದಳು. ಅಡುಗೆಯವರ ಹಾಜರಿ ನಮ್ಮ ಪುಸ್ತಕದಲ್ಲಿ ಇರುವುದಿಲ್ಲ. ಅದು ಬಿಸಿಯೂಟದ ಬೇರೆ ವಹಿಯಲ್ಲಿ, ಅಕ್ಕಿ ಬೇಳೆಯ ಲೆಕ್ಕದ ಜೊತೆ, ಬೇರೆ ಕಪಾಟಿನಲ್ಲಿ ಇರುತ್ತದೆ. ಮಕ್ಕಳು ಬೀಳ್ಕೊಡುಗೆಯಲ್ಲಿ ಮೊದಲ ಎಲೆ ಹಾಕಿ ಕೂರಿಸುತ್ತಿದ್ದವಳನ್ನು ನಾನು ಮೊದಲನೆಯವಳಾಗಿ ಇರಲಿ, ಕೊನೆಯವಳಾಗಿಯೂ ನೆನೆದಿರಲಿಲ್ಲ.

ಟಂಟಂ ತಿರುಗಿಸಿಕೊಂಡು ಹೋದೆವು. ಎರಡು ಹೊಡೆದಿತ್ತು, ಷರತ್ತಿನಂತೆ ಮೈಕ್ ಬಂದ್ ಮಾಡಿದ್ದೆವು. ಆಯಿಯ ಅಂಗಳದಲ್ಲಿ ರಂಗೋಲಿ ಹಾಗೇ ಇತ್ತು, ಬಾಗಿಲು ಮುಚ್ಚಿತ್ತು. ದೂರದಲ್ಲೇ ನಿಂತು ಕರೆದೆ. ಬಾಗಿಲು ತೆರೆಯಲಿಲ್ಲ. ಒಳಗಿನಿಂದಲೇ ದನಿ ಬಂತು.

"ಯಾರು, ಅಕ್ಕೋರೇನ್ರಿ?"

"ಹೌದು ಆಯಿ. ತಪ್ಪಾಗ್ಯಾದ. ಶಾಲು ತಂದೀನಿ, ಬಾಗಲ ತೆರೀರಿ."

ಶಾಲುಗಳು ನನ್ನ ಪಟ್ಟಿಯ ಎಣಿಕೆಗೆ ಸರಿಯಾಗಿ ಬಂದಿದ್ದವು; ನನ್ನ ಕೈಯಲ್ಲಿದ್ದದ್ದು ಮಕ್ಕಳು ನನಗೆಂದು ತರಿಸಿದ ಶಾಲು. ಆಯಿ ಕಿಟಕಿಯ ಸಂದಿಯಿಂದ ನೋಡಿದಳೆಂದು ಕಾಣುತ್ತದೆ.

"ಅದು ಹುಡುಗ್ರು ನಿಮಗ ತಂದದ್ದು. ನಿಮ್ಮದು ನನಗ್ಯಾಕ್ರಿ?"

"ಸಿಟ್ಟಾಗಬ್ಯಾಡ್ರಿ ಆಯಿ."

"ಸಿಟ್ಟಿಲ್ರಿ. ಇಷ್ಟು ವರ್ಷ ಅನ್ನ ನೀಡೇನಿ, ನಾ ಸಾಲಿಯಾಕಿ ಅಂತ ತಿಳಕೊಂಡಿದ್ದೆ. ಓಣಿ ಮಂದಿಗೆಲ್ಲ ಹೇಳಿದ್ದೆ, ನನ್ನ ಮನಿ ಮುಂದೂ ನಿಂದರ್ತದ ನೋಡ್ರಿ ಅಂತ. ನಿಂದರಲಿಲ್ಲ. ನಾಕ್ ಮಂದಿ ಮುಂದ ಬಿಟ್ಟು ಹೋಗಿ, ಈಗ ಯಾರೂ ಇಲ್ಲದಾಗ ಬಂದು ಕೊಟ್ರ ಅದು ಹ್ಯಾಂಗ ಇಜ್ಜತ್ ಆಗ್ತದ್ರಿ?" ಆಮೇಲೆ ಹೇಳಿದಳು, "ಸಾಲಿ ಚಾಲೂ ಆದ ಮ್ಯಾಲ ಬ್ಯಾರೆದಾಕಿನ್ನ ನೋಡ್ಕೋರಿ. ನಾ ಬರಂಗಿಲ್ಲ."

ನಾನು ಮಾತಿಗೆ ಸೋಲುವವಳಲ್ಲ. ಅವತ್ತು ಶಾಲನ್ನು ಬಗಲಲ್ಲಿಟ್ಟುಕೊಂಡು ತಿರುಗಿದೆ. ಆಕೆ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಶಾಲೆಗೆ ಬಂದು ಆ ಸಿಟ್ಟನ್ನೆಲ್ಲ ಸಿಪಾಯಿಯ ಮೇಲೆ ತೀರಿಸಿಕೊಂಡೆ. "ನಿನಗ ಗೊತ್ತಿತ್ತಲ್ಲ, ಹೇಳಾಕ ಬಾಯಿ ಇರಲಿಲ್ಲೇನು?"

"ಕೇಳಿದ್ನಲ್ರಿ ಮೇಡಂ. ನೀವು ಹಾಜರಿ ಪುಸ್ತಕ ತೋರಸಿದ್ರಿ" ಎಂದ.

ಅಫಜಲಪುರಕ್ಕೆ ಹೋಗುವ ಬಸ್ಸಿನಲ್ಲಿ ಕೂತಾಗ ನಾಚಿಕೆ ಒತ್ತರಿಸಿ ಬಂತು. ಅಡುಗೆಗೆ ಬೇರೆಯವರು ಸಿಗಬಹುದು. ಆದರೆ ಬೆಳಿಗ್ಗೆ ಮನೆಯಲ್ಲಿ ಏನೂ ತಿನ್ನದೆ ಬಂದ ಮಗುವಿನ ಮುಖ ನೋಡಿಯೇ ಗುರುತು ಹಿಡಿದು, ಮೊದಲ ಸೌಟು ಅದಕ್ಕೇ ಹಾಕುವವಳು ಎಲ್ಲಿ ಸಿಗುತ್ತಾಳೆ? ಶಾಲೆ ಮುಚ್ಚಿದ ಮೇಲೆ ಮಕ್ಕಳ ಪಾಲಿನ ಅಕ್ಕಿ ಬೇಳೆಯನ್ನು ಮನೆಯವರಿಗೆ ಹಂಚುವಾಗಲೂ ಆಯಿ ಬಂದಿದ್ದಳು. ಯಾರೂ ಕರೆದಿರಲಿಲ್ಲ. ಚೀಲ ಹಿಡಿದು ಬಂದ ತಾಯಂದಿರಿಗೆ, "ನಿಮ್ಮ ಹುಡುಗ ಬ್ಯಾಳಿ ತೆಳ್ಳಗಿದ್ರ ಉಣ್ಣಂಗಿಲ್ಲ, ಗಟ್ಟಿ ಮಾಡಿ ಹಾಕು" ಎಂದು ಒಬ್ಬೊಬ್ಬರಿಗೂ ಹೇಳಿ ಕಳಿಸಿದ್ದಳು. ಅಂಥವಳಿಗೆ ನೀನು ನಮ್ಮವಳಲ್ಲ ಎಂದು ಓಣಿಯ ಎದುರಿಗೆ ಹೇಳಿ ಬಂದವಳು ನಾನು. ಅವಳು ಮರಳಿ ಬರದಿದ್ದರೆ ಆ ಅಡುಗೆಮನೆಯ ಮುಂದೆ ದಿನಾ ಹಾದು ಹೋಗುವುದು ನನ್ನಿಂದ ಆಗುತ್ತಿರಲಿಲ್ಲ.

ಎಲ್ಲರೆದುರು ಮಾಡಿದ ತಪ್ಪನ್ನು ಎಲ್ಲರೆದುರೇ ಸರಿಮಾಡಬೇಕು. ಮರುದಿನವೇ ಪಂಚಾಯಿತಿಯ ಅಧಿಕಾರಿಗೆ ಫೋನು ಮಾಡಿದೆ. ಪಕ್ಕದ ಓಣಿಯಲ್ಲಿ ಇಬ್ಬರಿಗೆ ಜ್ವರ ಬಂದಿದೆಯೆಂದು ಅವರು ಗಾಬರಿಯಲ್ಲಿದ್ದರು. "ಮೈಕ್ ಇನ್ನ ಬ್ಯಾಡ್ರಿ ಮೇಡಂ. ಟಂಟಂನೂ ಬ್ಯಾಡ. ಮಂದಿ ಅವರವರ ಮನ್ಯಾಗ ಇರಲಿ" ಎಂದು ಕಡ್ಡಿ ಮುರಿದ ಹಾಗೆ ಹೇಳಿದರು.

ಅದನ್ನು ಕೇಳಿ ಮೊದಲು ಫೋನು ಮಾಡಿದವಳು ಆ ಹುಡುಗಿಯೇ.

"ಮೇಡಂರಿ, ಒಂದು ಮಾತು ಹೇಳ್ತೇನಿ, ಬೈಬ್ಯಾಡ್ರಿ."

"ಹೇಳು."

"ಮೈಕ್ ಯಾಕ ಬೇಕ್ರಿ? ನಮ್ಮ ಹತ್ರ ತಾಟ ಅವ."

ನನಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ತಿಳಿದ ಮೇಲೆ ಅಭ್ಯಾಸಬಲದಿಂದ ಬೇಡ ಎನ್ನಲು ಬಾಯಿ ತೆರೆದೆ. ಸೂಚನಾ ಫಲಕದಲ್ಲಿ ಬರೆಸಿದ್ದು ನೆನಪಾಯಿತು. ಆಯಿ ಸೆರಗಿನಿಂದ ಮುಖ ಒರೆಸಿಕೊಂಡು ಹೋದದ್ದೂ ನೆನಪಾಯಿತು.

"ಯಾವತ್ತು?" ಎಂದು ಕೇಳಿದೆ.

ಎಲ್ಲ ವ್ಯವಸ್ಥೆ ಮಕ್ಕಳೇ ಮಾಡಿದರು; ನನ್ನ ಪಟ್ಟಿ ಯಾರಿಗೂ ಬೇಕಾಗಲಿಲ್ಲ. ನನ್ನ ಪಾಲಿಗೆ ಬಂದದ್ದು ಒಂದೇ ಕೆಲಸ, ಆಯಿಯ ಹೆಸರು ಕೂಗುವುದು. ಅದಕ್ಕೆ ಹೆಸರು ಗೊತ್ತಿರಬೇಕಲ್ಲ! ಇಷ್ಟು ವರ್ಷ ಅವಳ ಕೈಯ ಅನ್ನ ಉಂಡ ನನಗೆ ಅವಳ ಹೆಸರು ಗೊತ್ತಿರಲಿಲ್ಲ. ಬಿಸಿಯೂಟದ ವಹಿಗೆ ತಿಂಗಳಿಗೊಮ್ಮೆ ಕಣ್ಣು ಮುಚ್ಚಿ ಸಹಿ ಹಾಕುತ್ತಿದ್ದೆನೇ ಹೊರತು ಓದಿರಲಿಲ್ಲ. ಬೇರೆ ಕಪಾಟು ತೆರೆದು, ಆ ವಹಿ ತೆಗೆದು, ಧೂಳು ಕೊಡವಿ ನೋಡಿದೆ. ಚಂದದ ಹೆಸರು. ಅದನ್ನು ಇಲ್ಲಿ ಬರೆಯುವಂತಿಲ್ಲ, ಅವಳಿಗೆ ಪುಸ್ತಕದಲ್ಲಿ ಹೆಸರು ಬರುವುದು ಇಷ್ಟವಿಲ್ಲ. ಓಣಿಯಲ್ಲಿ ಕೇಳಿದ್ದು ಸಾಕು ಅನ್ನುತ್ತಾಳೆ.

ಗೊತ್ತು ಮಾಡಿದ ದಿನ ಅಫಜಲಪುರದ ನನ್ನ ಅಡುಗೆಮನೆಯಿಂದ ಒಂದು ಸ್ಟೀಲಿನ ತಾಟು ತೆಗೆದು, ಪೇಪರಿನಲ್ಲಿ ಸುತ್ತಿ, ಕೈಚೀಲಕ್ಕೆ ಹಾಕಿಕೊಂಡೆ. ಬಸ್ಸು ಜೋಲಿ ಹೊಡೆದಾಗಲೆಲ್ಲ ಅದು ಟಣ್ ಎನ್ನುತ್ತಿತ್ತು. ಕಂಡಕ್ಟರ್ ಪರಿಚಯದವನು. "ಮೇಡಂ, ಸಾಲಿ ಬಂದ್ ಅದ, ಊಟಕ್ಕ ಎಲ್ಲಿ ನಡದೀರಿ?" ಎಂದ. ಊಟಕ್ಕಲ್ಲ ಎಂದೆ.

ಒಂದೂವರೆಗೆ ಹತ್ತು ನಿಮಿಷ ಇರುವಾಗ ಆಯಿಯ ಓಣಿಯ ತುದಿಗೆ ಬಂದು ನಿಂತೆ. ಬಿಸಿಲು ನೆತ್ತಿಯ ಮೇಲಿತ್ತು. ಆ ಓಣಿಯಲ್ಲಿ ಮನೆ ಇದ್ದ ಮಕ್ಕಳು ತಮ್ಮ ತಮ್ಮ ಹೊಸ್ತಿಲ ಮೇಲೆ ಕೂತಿದ್ದರು. ಹಿಂದಿನ ಓಣಿಗಳ ಮಕ್ಕಳು ಅವರವರ ಮಾಳಿಗೆ ಹತ್ತಿದ್ದರು. ನಮ್ಮ ಕಡೆ ಮನೆಗಳಿಗೆಲ್ಲ ಸಮತಟ್ಟಾದ ಮಣ್ಣಿನ ಮಾಳಿಗೆ, ಒಂದರಿಂದ ಇನ್ನೊಂದು ಕಾಣುತ್ತದೆ. ಶಾಲು ಹೊದ್ದ ಗಣಿತದ ಸರ್ ಕೂಡ ತಮ್ಮ ಮಾಳಿಗೆಯ ಮೇಲೆ ನಿಂತಿದ್ದರು. ಎಲ್ಲರ ಕೈಯಲ್ಲೂ ತಾಟು. ಆಯಿಯ ಬಾಗಿಲು ಮುಂದಕ್ಕೆ ಮಾಡಿತ್ತು, ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು.

ಶಾಲೆಯಲ್ಲಿ ಸಿಪಾಯಿ ಗಂಟೆ ಬಾರಿಸಿದ. ಐದು ತಿಂಗಳಿಂದ ಊಟಕ್ಕೆಂದು ಬಾರಿಸಿರದ ಗಂಟೆ. ಯಾವ ಗಡಿಯಾರ ನೋಡಿ ಬಾರಿಸಿದನೋ, ನನ್ನ ಕೈಗಡಿಯಾರದಲ್ಲಿ ಇನ್ನೂ ನಾಲ್ಕು ನಿಮಿಷ ಬಾಕಿ ಇತ್ತು. ಗಂಟೆ ನಿಂತಿತು. ಮೊದಲು ಆ ಹುಡುಗಿ ಬಡಿದಳು. ಆಮೇಲೆ ಟ್ರ್ಯಾಕ್ಟರಿನವನ ಮಗ. ಆಮೇಲೆ ಎಲ್ಲರೂ.

ಆ ಸಪ್ಪಳವನ್ನು ಏನೆಂದು ಹೇಳಲಿ? ಬೇವಿನ ಮರದ ಕಾಗೆಗಳೆಲ್ಲ ಎದ್ದು ಹಾರಿದವು. ವರ್ಷಗಟ್ಟಲೆ ನನ್ನ ತಲೆ ಸಿಡಿಸಿದ ಸಪ್ಪಳವೇ ಅದು. ನಾನೂ ಪೇಪರು ಹರಿದು ತಾಟು ತೆಗೆದೆ. ಬಡಿಯಲು ಏನೂ ತಂದಿರಲಿಲ್ಲ. ಚೀಲದಲ್ಲಿದ್ದ ಶಾಲೆಯ ಕಪಾಟಿನ ಕೀಲಿಗೊಂಚಲಿನಿಂದ ಬಡಿದೆ. ಮೊದಲ ಏಟಿಗೆ ಮುಜುಗರವಾಯಿತು, ನಾಲ್ಕನೆಯದಕ್ಕೆ ಕಣ್ಣಲ್ಲಿ ನೀರು ಬಂತು.

ಬಾಗಿಲು ಧಡಾರನೆ ತೆರೆಯಿತು. ಆಯಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಏನು, ಯಾರು ಎಂದು ನೋಡುವುದಕ್ಕೂ ಮುಂಚೆ ಬಾಯಿಂದ ಮಾತು ಬಂದೇಬಿಟ್ಟಿತು.

"ತಡೀರಲೇ, ಬಂದೆ! ಅನ್ನ ನಿಮ್ಮಪ್ಪ..."

ಅಲ್ಲಿಗೆ ನಿಂತಳು. ಹೊಸ್ತಿಲುಗಳನ್ನು ನೋಡಿದಳು, ಮಾಳಿಗೆಗಳನ್ನು ನೋಡಿದಳು. ಮಕ್ಕಳಿಗೆ ಬೇಕಾಗಿದ್ದದ್ದು ಆ ಬೈಗುಳವೇ. ಹೋ ಎಂದು ಕೂಗಿ ಎರಡು ಪಟ್ಟು ಜೋರಾಗಿ ಬಡಿದರು. ಆಯಿ ಸೌಟು ಹಿಡಿದ ಕೈಯಿಂದಲೇ ಸೆರಗು ಎಳೆದುಕೊಂಡು ಬಾಯಿಗೆ ಒತ್ತಿಕೊಂಡಳು. ಅಕ್ಕಪಕ್ಕದ ಹೆಂಗಸರು, ಮೊನ್ನೆ ಟಂಟಂ ನಿಲ್ಲದೆ ಹೋದದ್ದನ್ನು ಕಂಡವರು, ಎಲ್ಲ ಬಾಗಿಲಿಗೆ ಬಂದಿದ್ದರು.

ನಾನು ಕೈ ಎತ್ತಿದೆ. ತಾಟುಗಳು ಸುಮ್ಮನಾದವು. ಮೂವತ್ತು ವರ್ಷ ಪಾಠ ಹೇಳಿದ ಗಂಟಲು ನನ್ನದು, ಮೈಕು ಬೇಕಿಲ್ಲ. ಆಯಿಯ ಹೆಸರು, ಅವಳ ತಂದೆ ತಾಯಿಯ ಹೆಸರು, ಅಡ್ಡಹೆಸರು, ಮಕ್ಕಳಿಗೆ ಓದಿದ ಹಾಗೆಯೇ, ಓಣಿಯ ಆ ತುದಿಗೂ ಕೇಳುವಂತೆ ಒದರಿದೆ. ಆಮೇಲೆ, "ಈಕಿ ನಮ್ಮ ಸಾಲಿಯಾಕಿ. ಮೊನ್ನೆ ಟಂಟಂ ಇಲ್ಲಿ ನಿಂದರಲಿಲ್ಲ. ತಪ್ಪು ಹೆಡ್ ಮೇಡಂದು. ನನ್ನದು. ಎಲ್ಲಾರೂ ಕೇಳ್ರಿ" ಎಂದೆ.

ಸಿಪಾಯಿ ಶಾಲೆಯಿಂದ ಓಡಿಬಂದು ಸ್ಟೂಲನ್ನು ಓಣಿಯ ನಡುವೆ ಇಟ್ಟು, ಅದರ ಮೇಲೆ ಹಸಿರು ಶಾಲು ಇಟ್ಟು ಹಿಂದೆ ಸರಿದ. ಮಕ್ಕಳು ಹೊಸದಾಗಿ ತರಿಸಿದ ಶಾಲು ಅದು, ಯಾರದ್ದೋ ಉಳಿದದ್ದಲ್ಲ. ಆಯಿ ಬಂದು ಅದನ್ನು ಎತ್ತಿಕೊಂಡಳು. ಹೊದ್ದುಕೊಳ್ಳಲಿಲ್ಲ, ಮಡಿಕೆ ಬಿಚ್ಚದೆ ಎದೆಗೆ ಹಿಡಿದು ನಿಂತಳು. ನಾನು ಕಾದೆ. ಬರುತ್ತಾಳೋ ಇಲ್ಲವೋ ಅವಳು ಇನ್ನೂ ಹೇಳಿರಲಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ.

ಕೊನೆಗೆ ಅವಳ ಕಣ್ಣು ನನ್ನ ಕೈಯಲ್ಲಿದ್ದ ತಾಟಿನ ಮೇಲೆ ಬಿತ್ತು.

"ಅಕ್ಕೋರ, ತಾಟ ಬಡಿಯೋರು ಕಡೀಕ ಊಟಕ್ಕ ಕೂಡಬೇಕಂತ ಬರಸಿದವರು ನೀವ ಅಲ್ರಿ?"

"ಹೌದು ಆಯಿ. ಕಡೀಕ ಕೂಡ್ತೇನಿ."

ಆಯಿ ಸೌಟು ಹಿಡಿದ ಕೈಯ ಹಿಂಬದಿಯಿಂದ ಕಣ್ಣಂಚು ಒರೆಸಿಕೊಂಡಳು.

"ಸಾಲಿ ತೆರೀರಿ" ಎಂದಳು. "ನೀಡ್ತೇನಿ."